ಪರದೆ ಮೇಲೆ ಕೂತ ಹುಳ

ಕಳೆದ ಚಳಿಗಾಲದ ಒಂದು ರಾತ್ರಿ ಮಗಳ ಜೊತೆ ಯಾವುದೋ ಹೊಸ ಸೀರೀಸ್ ನೋಡುತ್ತಾ ಕೂತಿದ್ದೆ. ಹೆಸರು ಬೇಡ, ಅಂಥವು ತಿಂಗಳಿಗೆ ಎರಡು ಬರುತ್ತವೆ. ಬಾಹ್ಯಾಕಾಶಕ್ಕೆ ಹೋದವರು ವಾಪಸ್ ಬರುತ್ತಾರೆ. ಹೋಗುವಾಗ ಇದ್ದಷ್ಟು ಜನ ಬರುವಾಗ ಇಲ್ಲ. ಉಳಿದ ಒಬ್ಬ ಆಸ್ಪತ್ರೆ ಮಂಚದ ಮೇಲೆ ಮಲಗಿ ಗೋಡೆ ನೋಡುತ್ತಿದ್ದಾನೆ. ಹೆಂಡತಿ ಬಂದು ಕೈ ಹಿಡಿಯುತ್ತಾಳೆ. ಅಷ್ಟೇ ಆಗಿದ್ದು. ಮಗಳು ಚಿಪ್ಸ್ ತಿನ್ನುವುದನ್ನೂ ನಿಲ್ಲಿಸದೆ, "ಅಮ್ಮಾ, ಇವನು ಅವನಲ್ಲ. ಒಳಗೆ ಬೇರೆ ಏನೋ ಇದೆ" ಅಂದಳು. ಇಪ್ಪತ್ತು ನಿಮಿಷ ಕಳೆದ ಮೇಲೆ ನೋಡಿದರೆ ಹಾಗೇ ಆಯಿತು.

ಅವಳಿಗೆ ಹದಿಮೂರು. ಇವಳಿಗೆ ಹೇಗೆ ಗೊತ್ತಾಯಿತು ಅನ್ನುವುದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಆ ನಟ ಏನೂ ಮಾಡಿರಲಿಲ್ಲ, ಸುಮ್ನೆ ಮಲಗಿದ್ದ. ಕೇಳಿದರೆ, "ಯಾವಾಗಲೂ ಹಾಗೇ ಅಲ್ವಾ?" ಅಂತ ನನ್ನನ್ನೇ ಕೇಳಿದಳು.

ಯಾವಾಗಲೂ ಅಂದರೆ ಯಾವಾಗಿನಿಂದ? ಟಿವಿಯ ಮಟ್ಟಿಗೆ ಇದಕ್ಕೆ ಸುಮಾರಾಗಿ ಒಂದು ತಾರೀಖು ಕೊಡಬಹುದು: 1953ರ ಜುಲೈ 18, ಶನಿವಾರ. ಜಾಗವನ್ನೂ ಬೆರಳು ಮಾಡಿ ತೋರಿಸಬಹುದು. ನಾವಿರುವುದು ಉತ್ತರ ಲಂಡನ್ನಿನ ವುಡ್ ಗ್ರೀನ್‌ನಲ್ಲಿ. ಅಡುಗೆಮನೆ ಕಿಟಕಿಯಲ್ಲಿ ಅಲೆಕ್ಸಾಂಡ್ರಾ ಪ್ಯಾಲೆಸ್ ಗುಡ್ಡವೂ ಅದರ ಮೇಲಿನ ಹಳೆಯ ಪ್ರಸಾರದ ಕಂಬವೂ ಕಾಣುತ್ತವೆ. ಪಾತ್ರೆ ತೊಳೆಯುವಾಗ ದಿನಾ ನೋಡುತ್ತೇನೆ. 1936ರಲ್ಲಿ ಬಿಬಿಸಿಯ ಟಿವಿ ಶುರುವಾಗಿದ್ದೇ ಅಲ್ಲಿಂದ. ಮಗಳು ಈಗಾಗಲೇ ಕಂಠಪಾಠ ಮಾಡಿಕೊಂಡಿರುವ ಆ ಕಥೆ ಟಿವಿಗೆ ಬಂದಿದ್ದೂ ಅಲ್ಲಿಂದಲೇ.

ಆರರಲ್ಲಿ ಎರಡು

ಧಾರಾವಾಹಿಯ ಹೆಸರು ದ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್. ಆರು ಕಂತು, ಆರು ಶನಿವಾರ, ಎಲ್ಲವೂ ನೇರ ಪ್ರಸಾರ. ಬರೆದವರು ನೈಜೆಲ್ ನೀಲ್, ನಿರ್ದೇಶಿಸಿದವರು ರುಡಾಲ್ಫ್ ಕಾರ್ಟಿಯರ್. ಮುಖ್ಯ ಪಾತ್ರದ ವಿಜ್ಞಾನಿಯ ವಿಚಿತ್ರ ಹೆಸರನ್ನು ನೀಲ್ ಲಂಡನ್ನಿನ ಟೆಲಿಫೋನ್ ಡೈರೆಕ್ಟರಿಯಿಂದ ಎತ್ತಿಕೊಂಡಿದ್ದರು. ಮೊದಲ ಕಂತು ಪ್ರಸಾರವಾದಾಗ ಕೊನೆಯ ಕಂತುಗಳನ್ನು ಇನ್ನೂ ಬರೆದು ಮುಗಿಸಿರಲಿಲ್ಲ. ಆರೂ ಕಂತಿಗೆ ಸೇರಿ ಖರ್ಚು 4,000 ಪೌಂಡ್‌ನ ಒಳಗೇ. ಕ್ಯಾಮೆರಾಗಳು 1936ರ ಕಾಲದವು.

ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ಉಳಿದಿರುವುದನ್ನು ನೋಡಿದೆ. ಉಳಿದಿರುವುದು ಎರಡೇ ಕಂತು. ಮೊದಲ ಹತ್ತು ನಿಮಿಷ ಅವಳು ಫೋನ್ ನೋಡುತ್ತಿದ್ದಳು. ಚಿತ್ರ ಮಸುಕು, ಎಲ್ಲರೂ ರಂಗದ ಮೇಲೆ ನಿಂತ ಹಾಗೆ ನಿಂತು ಮಾತಾಡುತ್ತಾರೆ. ಕಂಟ್ರೋಲ್ ರೂಮ್ ಅಂದರೆ ಒಂದು ಮೇಜು, ನಾಲ್ಕು ಗುಂಡಿ. ರಾಕೆಟ್ ಬಂದು ವಿಂಬಲ್ಡನ್‌ನ ಒಂದು ಮನೆ ಮೇಲೆ ಬೀಳುತ್ತದೆ. ಅದು ಬಿದ್ದದ್ದನ್ನು ನಮಗೆ ತೋರಿಸುವುದಿಲ್ಲ. ಆ ಮನೆಯ ಅಜ್ಜಿಯನ್ನು ಕೆಳಗಿಳಿಸುತ್ತಾರೆ, ಆಕೆಗೆ ತನ್ನ ಬೆಕ್ಕಿನದೇ ಚಿಂತೆ. ಬೀದಿಯ ಜನ ಗುಂಪು ಸೇರಿ ಪಿಸುಗುಡುತ್ತಾರೆ. ಯುದ್ಧ ಮುಗಿದು ಎಂಟೇ ವರ್ಷ ಆಗಿತ್ತು ನೋಡಿ, ಲಂಡನ್ನಿನವರಿಗೆ ಮನೆ ಮೇಲೆ ಏನಾದರೂ ಬೀಳುವುದು ಹೊಸದೇನಲ್ಲ. ಕೊನೆಗೆ ಬಾಗಿಲು ತೆಗೆಯುತ್ತಾರೆ. ಹೋದವರು ಮೂವರು. ಹೊರಗೆ ಬಂದವನು ಒಬ್ಬ. ಒಳಗೆ ಇನ್ನೆರಡು ಸೂಟ್ ಇವೆ. ಎಲ್ಲ ಭದ್ರವಾಗಿ ಮುಚ್ಚಿಕೊಂಡೇ ಇವೆ, ಆದರೆ ಒಳಗೆ ಯಾರೂ ಇಲ್ಲ.

ಮಗಳು ಫೋನ್ ಕೆಳಗಿಟ್ಟಳು.

ಎರಡನೇ ಕಂತಿನಲ್ಲಿ ಬದುಕುಳಿದ ವಿಕ್ಟರ್ ಕರೂನ್ ಮಾತಾಡುವುದೇ ಕಷ್ಟ. ಸತ್ತ ಜೊತೆಗಾರನಿಗೆ ಮಾತ್ರ ಗೊತ್ತಿರಬೇಕಾದದ್ದು ಇವನಿಗೆ ಗೊತ್ತಿದೆ. ಆ ನಟನಿಗೆ ಮೇಕಪ್ ಇಲ್ಲ, ಮುಖದ ಮೇಲೆ ಗುಳ್ಳೆ ಇಲ್ಲ. ಸುಮ್ನೆ ನೋಡುತ್ತಾನೆ. ಕಣ್ಣಿನ ಹಿಂದೆ ಮೂವರು ಇದ್ದಾರೆ ಅಂತ ನಮಗೇ ಅನ್ನಿಸತೊಡಗುತ್ತದೆ. ನಾವು ಚಳಿಗಾಲದಲ್ಲಿ ನೋಡಿದ ಆ ಆಸ್ಪತ್ರೆ ಮಂಚ, ಆ ನೋಟ, ಹೆಂಡತಿ ಕೈ ಹಿಡಿಯುವುದು, ಎಲ್ಲ ಇಲ್ಲೇ ಇದೆ.

ಇದೇ ಕಂತು ಓಡುತ್ತಿದ್ದಾಗ ಪರದೆ ಮೇಲೆ ಒಂದು ಹುಳ ಹರಿಯಿತು. ಮಗಳು ಎದ್ದು ಹೋಗಿ ಟಿವಿ ಒರೆಸಿದಳು. ಹುಳ ಹೋಗಲಿಲ್ಲ. ಅದು ನಮ್ಮ ಪರದೆ ಮೇಲೆ ಇರಲೇ ಇಲ್ಲ, 1953ರ ಪರದೆ ಮೇಲೆ ಇತ್ತು. ಆಗ ನೇರ ಪ್ರಸಾರವನ್ನು ಉಳಿಸಿಕೊಳ್ಳಲು ಇದ್ದ ದಾರಿ ಒಂದೇ: ಟಿವಿ ಪರದೆ ಎದುರಿಗೆ ಸಿನಿಮಾ ಕ್ಯಾಮೆರಾ ಇಟ್ಟು ಅದನ್ನೇ ಚಿತ್ರೀಕರಿಸುವುದು. ಆ ಪರದೆ ಮೇಲೆ ಹುಳವೊಂದು ಬಂದು ಕೂತಿತು, ಅಷ್ಟು ಹೊತ್ತು ಅಲ್ಲೇ ಓಡಾಡಿತು. ಗುಣಮಟ್ಟ ಸರಿಯಿಲ್ಲ ಅಂತ ಮುಂದಿನ ಕಂತುಗಳನ್ನು ದಾಖಲು ಮಾಡುವುದನ್ನೇ ಬಿಟ್ಟರು. ಉಳಿದ ನಾಲ್ಕು ಕಂತು ಗಾಳಿಯಲ್ಲಿ ಹೋದವು. ಕೊನೆಯ ಕಂತನ್ನು ಸುಮಾರು 50 ಲಕ್ಷ ಜನ ನೋಡಿದರು, ಆಮೇಲೆ ಯಾರೂ ನೋಡಲು ಆಗಲಿಲ್ಲ. ಹುಳ ಮಾತ್ರ ಎಪ್ಪತ್ತು ವರ್ಷದಿಂದ ಓಡಾಡುತ್ತಲೇ ಇದೆ.

ಫೋಟೋದ ಸೀಳಿನಿಂದ ಬಂದ ಕೈ

ನಾನು ಅತಿ ಹೆಚ್ಚು ಯೋಚಿಸಿದ್ದು ಆ ಕಳೆದುಹೋದ ಕೊನೆಯ ಕಂತಿನ ಬಗ್ಗೆ. ಅದನ್ನು ಹೇಗೆ ಮಾಡಿದರು ಅನ್ನುವುದು ಚೆನ್ನಾಗಿ ದಾಖಲಾಗಿದೆ.

ಕರೂನ್ ಈಗ ಮನುಷ್ಯನಾಗಿ ಉಳಿದಿಲ್ಲ. ಗಿಡವೂ ಅಲ್ಲದ ಪ್ರಾಣಿಯೂ ಅಲ್ಲದ ಏನೋ ಆಗಿ ಬೆಳೆಯುತ್ತಾ ವೆಸ್ಟ್‌ಮಿನ್‌ಸ್ಟರ್ ಅಬೆಯೊಳಗೆ ಸೇರಿಕೊಂಡಿದೆ. ಅಷ್ಟು ದೊಡ್ಡ ಜೀವಿಯನ್ನು, ಅಷ್ಟು ದೊಡ್ಡ ಇಗರ್ಜಿಯನ್ನು, ಹಳೆಯ ಕ್ಯಾಮೆರಾ ಇಟ್ಟುಕೊಂಡು, ದುಡ್ಡಿಲ್ಲದೆ, ನೇರ ಪ್ರಸಾರದಲ್ಲಿ ತೋರಿಸುವುದು ಹೇಗೆ? ನೀಲ್ ಮತ್ತು ಅವರ ಗೆಳತಿ ಜೂಡಿತ್ ಕೆರ್ ಸೇರಿ ಒಂದು ಜೊತೆ ಗ್ಲೌಸ್ ತಂದರು. ಅದಕ್ಕೆ ಎಲೆ, ಕಡ್ಡಿ, ಸಿಕ್ಕಿದ್ದನ್ನೆಲ್ಲ ಅಂಟಿಸಿದರು. ಅಬೆಯ ಒಳಾಂಗಣದ ದೊಡ್ಡ ಫೋಟೋ ಮಾಡಿಸಿ ಅದನ್ನು ಸೀಳಿದರು. ಪ್ರಸಾರದ ಹೊತ್ತಿಗೆ ಲೇಖಕರೇ ಫೋಟೋದ ಹಿಂದೆ ನಿಂತು, ಗ್ಲೌಸ್ ಹಾಕಿದ ಕೈಗಳನ್ನು ಸೀಳಿನಿಂದ ಹೊರಗೆ ಹಾಕಿ ಆಡಿಸಿದರು. ಬ್ರಿಟನ್ನನ್ನು ಹೆದರಿಸಿದ ರಾಕ್ಷಸ ಅಂದರೆ ಅಷ್ಟೇ, ಕಥೆ ಬರೆದವನ ಎರಡು ಕೈ!

(ಜೂಡಿತ್ ಕೆರ್ ಮರುವರ್ಷ ನೀಲ್ ಅವರನ್ನು ಮದುವೆಯಾದರು. ಮುಂದೆ ಮಕ್ಕಳ ಪುಸ್ತಕ ಬರೆದು ಮನೆಮಾತಾದರು. ಒಂದು ಹುಲಿ ಬಾಗಿಲು ತಟ್ಟಿ ಒಳಗೆ ಬಂದು, ಟೀ ಕುಡಿದು, ಮನೆಯಲ್ಲಿದ್ದದ್ದನ್ನೆಲ್ಲ ತಿಂದು ಹೋಗುವ ಪುಸ್ತಕ ಅವರದು. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಅದನ್ನು ಹರಿಯುವವರೆಗೆ ಓದಿಸಿಕೊಂಡಿದ್ದಾಳೆ. ಗೊತ್ತಿಲ್ಲದ್ದೊಂದು ನಮ್ಮ ಅಡುಗೆಮನೆಗೆ ಬಂದು ಕೂರುವ ಕಥೆ ಅದೂ. ಇದನ್ನು ಹೇಳಿದಾಗ ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು.)

ಆದರೆ ಗ್ಲೌಸ್ ಕೆಲಸ ಮಾಡಿದ್ದು ಗ್ಲೌಸ್‌ನಿಂದ ಅಲ್ಲ, ಫೋಟೋದಿಂದ ಅಂತ ನನ್ನ ಅನಿಸಿಕೆ. ಕಂತು ಪ್ರಸಾರವಾಗಿದ್ದು ಆಗಸ್ಟ್ 22ರಂದು. ಅದೇ ವರ್ಷ ಜೂನ್ 2ರಂದು ರಾಣಿ ಎಲಿಜಬೆತ್ ಪಟ್ಟಾಭಿಷೇಕ ಇದೇ ಅಬೆಯಲ್ಲಿ ಆಗಿತ್ತು. ಅದನ್ನು ನೋಡಲೆಂದೇ ಎಷ್ಟೋ ಮನೆಗಳಿಗೆ ಮೊದಲ ಸಲ ಟಿವಿ ಬಂದಿತ್ತು, ಟಿವಿ ಇದ್ದವರ ಮನೆಗೆ ಬೀದಿಯೇ ಬಂದು ಕೂತಿತ್ತು. ಅಂದರೆ ಆ ಕಂಬಗಳು, ಆ ಕಮಾನುಗಳು, ಎಲ್ಲ ಜನರ ಕಣ್ಣಲ್ಲಿ ಇನ್ನೂ ಹಸಿಯಾಗಿದ್ದವು. ಸಾಲದ್ದಕ್ಕೆ ನೀಲ್ ಇನ್ನೊಂದು ಮಾಡಿದ್ದರು. ಕಥೆಯೊಳಗೆ ಅಬೆಯಿಂದ ಟಿವಿ ಕಾರ್ಯಕ್ರಮವೊಂದು ನೇರ ಪ್ರಸಾರವಾಗುತ್ತಿರುತ್ತದೆ, ಆ ಟಿವಿ ಕ್ಯಾಮೆರಾಕ್ಕೇ ರಾಕ್ಷಸ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಕೂತವರಿಗೆ ಹನ್ನೊಂದು ವಾರದ ಹಿಂದೆ ರಾಣಿ ಕಂಡ ಡಬ್ಬದಲ್ಲೇ, ಅದೇ ಜಾಗದಲ್ಲೇ, ಇದು. ಇಂಥ ಜಾಗ ಕೈಯಲ್ಲಿದ್ದರೆ ಎಲೆ ಅಂಟಿಸಿದ ಗ್ಲೌಸ್ ಸಾಕು.

ನಾನು ಸಾಗರದ ಕಡೆಯವಳು. ಚಿಕ್ಕವಳಿದ್ದಾಗ ಯಕ್ಷಗಾನದಲ್ಲಿ ರಾಕ್ಷಸ ವೇಷದ ಪ್ರವೇಶ ಅಂದರೆ ಅಜ್ಜನ ಶಾಲಿನೊಳಗೆ ಮುಖ ಹುದುಗಿಸಿಕೊಳ್ಳುತ್ತಿದ್ದೆ. ಇಬ್ಬರು ತೆರೆ ಹಿಡಿದಿರುತ್ತಾರೆ. ಹಿಂದಿನಿಂದ ಆರ್ಭಟ. ತೆರೆ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆ ಕಾಲು. ತೆರೆ ಸರಿದ ಮೇಲೆ ಧೈರ್ಯ ಬರುತ್ತಿತ್ತು, ವೇಷ ಪೂರ್ತಿ ಕಾಣುತ್ತಿತ್ತಲ್ಲ. ಲಂಡನ್ನಿನ ಟಿವಿಯವರು ಇದನ್ನು ಕಂಡಿರಲಿಲ್ಲ, ಬಿಡಿ. ಕೈಯಲ್ಲಿ ಕಾಸಿಲ್ಲದಿದ್ದರೆ ಎಲ್ಲ ಊರಿನವರೂ ಒಂದೇ ಉಪಾಯಕ್ಕೆ ಬರುತ್ತಾರೆ ಅನ್ನಿಸಿ ನಗು ಬಂತು, ಅಷ್ಟೇ.

ನೋಡಲಾಗದ ಕಂತು ಯಾರಿಗೆ ಏನು ಕಲಿಸಿತು?

ಇಲ್ಲಿ ನನಗೆ ಸಿಕ್ಕು ಬಿದ್ದಿದ್ದು. ಹಳೆಯ ಬ್ರಿಟಿಷ್ ಸೈನ್ಸ್ ಫಿಕ್ಷನ್ ಆಮೇಲಿನದಕ್ಕೆಲ್ಲ ಪ್ರಭಾವ ಬೀರಿತು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಕ್ವಾಟರ್‌ಮಾಸ್‌ನ ನಾಲ್ಕು ಕಂತು ಇಲ್ಲ. ಡಾಕ್ಟರ್ ಎಂಬ ನಾಯಕ ಕಾಲದಲ್ಲಿ ಓಡಾಡುವ ಬಿಬಿಸಿ ಧಾರಾವಾಹಿ ಡಾಕ್ಟರ್ ಹೂನ ಆರಂಭದ ವರ್ಷಗಳ ತೊಂಬತ್ತಕ್ಕೂ ಹೆಚ್ಚು ಕಂತುಗಳ ಟೇಪನ್ನು ಅಳಿಸಿಹಾಕಿದರು. 1961ರ ಎ ಫಾರ್ ಆಂಡ್ರೊಮೀಡಾದಲ್ಲಿ ಉಳಿದಿರುವುದು ತೀರಾ ಸ್ವಲ್ಪ. ಆಕಾಶದಿಂದ ಸಂಕೇತ ಬರುತ್ತದೆ, ಅದರಲ್ಲಿ ಒಂದು ಕಂಪ್ಯೂಟರ್ ಕಟ್ಟುವ ವಿಧಾನ ಇರುತ್ತದೆ, ಇವರು ಕಟ್ಟಿಬಿಡುತ್ತಾರೆ. ಆಮೇಲೆ ಎಷ್ಟು ಸಲ ಕೇಳಿದ್ದೇವೆ ಈ ಕಥೆಯನ್ನು! ಬರೆದವರಲ್ಲಿ ಒಬ್ಬರು ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ನಮ್ಮ ಜಯಂತ ನಾರ್ಳೀಕರರ ಗುರು. ನಾರ್ಳೀಕರರೂ ಮರಾಠಿಯಲ್ಲಿ ವಿಜ್ಞಾನ ಕಥೆ ಬರೆದರು. ಆ ಚಾಳಿ ಗುರುವಿನಿಂದಲೇ ಅಂಟಿತೇನೋ. ಇರಲಿ. ಯಾರೂ ಮತ್ತೆ ನೋಡಲಾಗದ್ದು ಮುಂದಿನವರಿಗೆ ಹೇಗೆ ದಾಟಿತು?

ಸಿನಿಮಾ ಮೂಲಕ ಸ್ವಲ್ಪ ದಾಟಿತು, ನಿಜ. ಹ್ಯಾಮರ್ ಕಂಪನಿ 1955ರಲ್ಲಿ ಕ್ವಾಟರ್‌ಮಾಸನ್ನು ಸಿನಿಮಾ ಮಾಡಿತು, ಅದು ಅಮೆರಿಕಕ್ಕೂ ಹೋಯಿತು. ಅಲ್ಲಿನ ಹಾರರ್ ಸಿನಿಮಾ ನಿರ್ದೇಶಕ ಜಾನ್ ಕಾರ್ಪೆಂಟರ್ 1987ರ ತನ್ನ ಚಿತ್ರವೊಂದಕ್ಕೆ ಚಿತ್ರಕಥೆಗಾರನ ಹೆಸರು ಮಾರ್ಟಿನ್ ಕ್ವಾಟರ್‌ಮಾಸ್ ಅಂತ ಹಾಕಿಕೊಂಡರು. ಆದರೆ ಕಥೆಗಿಂತ ಜಾಸ್ತಿ ದಾಟಿದ್ದು ಸ್ಟುಡಿಯೋದವರ ಕೈರೂಢಿ ಅಂತ ನನಗನ್ನಿಸುತ್ತದೆ. ತೋರಿಸಲು ದುಡ್ಡಿಲ್ಲವಾ, ನೋಡುವವರ ಮುಖ ತೋರಿಸು. ಬೇರೆ ಗ್ರಹ ಕಟ್ಟಲು ಆಗಲ್ವಾ, ನಮ್ಮ ಬೀದಿಗೇ ತಾ.

ಇದನ್ನು ಡಾಕ್ಟರ್ ಹೂನಲ್ಲಿ ಕಣ್ಣಾರೆ ನೋಡಬಹುದು. ಕಾಲದಲ್ಲಿ ಓಡಾಡುವ ಯಂತ್ರ ಹೊರಗಿನಿಂದ ನೀಲಿ ಪೊಲೀಸ್ ಡಬ್ಬ, ಅಂದರೆ ಪೊಲೀಸರಿಗೆ ಫೋನ್ ಮಾಡಲು ಇಟ್ಟಿದ್ದ ಗೂಡು. ಆಗಿನ ಬ್ರಿಟನ್ನಿನ ಬೀದಿಬೀದಿಯಲ್ಲಿ ಇದ್ದದ್ದು ಅದು. ಮೊದಲ ಕಂತು ಬಂದಿದ್ದು 1963ರ ನವೆಂಬರ್ 23ರಂದು, ಕೆನಡಿ ಹತ್ಯೆಯ ಮರುದಿನ. ಹಾಗಾಗಿ ಮುಂದಿನ ವಾರ ಅದನ್ನೇ ಇನ್ನೊಮ್ಮೆ ಹಾಕಿ ಆಮೇಲೆ ಎರಡನೆಯದನ್ನು ಹಾಕಿದರು. ಡಿಸೆಂಬರ್ 21ರ ಕಂತಿನ ಕೊನೆಯಲ್ಲಿ ಬಾರ್ಬರಾ ಎಂಬ ಟೀಚರ್ ಲೋಹದ ಓಣಿಗಳಲ್ಲಿ ದಾರಿ ತಪ್ಪುತ್ತಾಳೆ. ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತವೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ, ಕ್ಯಾಮೆರಾ ಅವಳ ಕಡೆ ಹೋಗುತ್ತದೆ. ಚೌಕಟ್ಟಿನ ಅಂಚಿನಿಂದ ಒಂದು ತೋಳು ಚಾಚುತ್ತದೆ. ತುದಿಯಲ್ಲಿ ಇರುವುದು ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು! ಅವಳು ಕಿರುಚುತ್ತಾಳೆ. ಮುಗಿಯಿತು. ಆ ತೋಳು ಡಾಲೆಕ್ ಎಂಬ ಅನ್ಯಗ್ರಹದ ರಾಕ್ಷಸನದು. ಅದು ಪೂರ್ತಿ ಹೇಗಿದೆ ಅಂತ ನೋಡಲು ಮಕ್ಕಳು ಒಂದು ವಾರ ಕಾಯಬೇಕಾಯಿತು. ಆ ಒಂದು ವಾರದಲ್ಲಿ ಅವರು ತಲೆಯಲ್ಲಿ ಕಟ್ಟಿಕೊಂಡ ಡಾಲೆಕ್‌ಗೆ ಬಿಬಿಸಿ ಒಂದು ಪೈಸೆಯೂ ಕೊಡಲಿಲ್ಲ.

2007ಕ್ಕೆ ಬನ್ನಿ. ಈಗ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು. ಆದರೂ ಹೊಸ ಡಾಕ್ಟರ್ ಹೂನಲ್ಲಿ ಜನ ಅತಿ ಹೆಚ್ಚು ಹೆದರಿದ್ದು ಬ್ಲಿಂಕ್ ಎಂಬ ಕಂತಿಗೆ. ಅದರಲ್ಲಿರುವುದು ಕಲ್ಲಿನ ಪ್ರತಿಮೆಗಳು. ನೋಡುತ್ತಿರುವಾಗ ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸಿದರೆ ಹತ್ತಿರ ಬಂದಿರುತ್ತವೆ. ಅವು ಚಲಿಸುವುದನ್ನು ನಾವು ಒಮ್ಮೆಯೂ ನೋಡುವುದಿಲ್ಲ. ಒಂದೇ ಹೊತ್ತಿಗೆ ಎರಡು ಕಂತು ಚಿತ್ರೀಕರಿಸಬೇಕಾಗಿದ್ದರಿಂದ ಡಾಕ್ಟರ್ ಪಾತ್ರವೇ ಇದರಲ್ಲಿ ಅಲ್ಲೊಂದು ಇಲ್ಲೊಂದು ದೃಶ್ಯಕ್ಕೆ ಬರುತ್ತದೆ. ಅಡಚಣೆಯಿಂದ ಹುಟ್ಟಿದ ಕಂತು ಇದೂ. ಮಗಳು ಇದನ್ನು ನೋಡಿದ ವಾರ ಅಲೆಕ್ಸಾಂಡ್ರಾ ಪಾರ್ಕಿಗೆ ಹೋಗುವ ದಾರಿಯ ಒಂದು ಮನೆಯ ತೋಟದ ಬೊಂಬೆಯ ಮುಂದೆ ಹಿಮ್ಮುಖ ನಡೆದಿದ್ದಳು.

ಅಮೆರಿಕದ ಕಡೆಗೆ ಹೋದದ್ದು ಬೇರೆ ಬಗೆಯದು. 1955ರ ಕ್ವಾಟರ್‌ಮಾಸ್ 2ರಲ್ಲಿ ಅನ್ಯಗ್ರಹದವರು ಆಗಲೇ ಬಂದಾಗಿದೆ, ಸರ್ಕಾರದೊಳಗೆ ಸೇರಿಕೊಂಡಿದ್ದಾರೆ, ಬೇಲಿ ಹಾಕಿದ ಕಾರ್ಖಾನೆಯಲ್ಲಿ ಏನು ನಡೆಯುತ್ತಿದೆ ಅಂತ ಯಾರೂ ಹೇಳುವುದಿಲ್ಲ. ಅದನ್ನು ನೋಡಿದವರಿಗೆ ಅಮೆರಿಕದ ಟಿವಿ ಸೀರೀಸ್ ಎಕ್ಸ್ ಫೈಲ್ಸ್ ಹಳೆಯ ನೆಂಟನ ಹಾಗೆ ಕಾಣುತ್ತದೆ. ಎಕ್ಸ್ ಫೈಲ್ಸ್‌ನವರು ನೀಲ್ ಅವರನ್ನು ಬರೆಯಲು ಕರೆದರು, ಇವರು ಒಲ್ಲೆ ಅಂದರು. ಡಾಕ್ಟರ್ ಹೂಗೂ ಬರೆಯಲಿಲ್ಲ, ಅದು ಅವರಿಗೆ ಇಷ್ಟವೇ ಇರಲಿಲ್ಲ. ತನ್ನ ಮೊಮ್ಮಕ್ಕಳನ್ನು ಕಂಡರಾಗದ ಅಜ್ಜ! ಡಾಲೆಕ್ ಹುಟ್ಟಿಸಿದ ಟೆರಿ ನೇಷನ್ 1978ರಲ್ಲಿ ಶುರು ಮಾಡಿದ ಬ್ಲೇಕ್ಸ್ ಸೆವೆನ್ ಬಗ್ಗೆ ಇಲ್ಲಿ ಬರೆದರೆ ಮುಗಿಯುವುದಿಲ್ಲ. ಸೆಟ್ ಕಳಪೆ, ನಾಯಕರು ಒಬ್ಬರನ್ನೊಬ್ಬರು ನಂಬುವುದಿಲ್ಲ. ಅಮೆರಿಕದ ಬಾಹ್ಯಾಕಾಶ ಸೀರೀಸ್ ಬ್ಯಾಬಿಲಾನ್ 5 ಮಾಡಿದವರು ಅದರ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆ ಅನ್ನುವುದಷ್ಟೇ ಸಾಕು.

ಬಾಗಿಲ ಕೀಲಿ

ಕಿವಿಗೆ ದಾಟಿದ್ದನ್ನು ಬಿಟ್ಟರೆ ತಪ್ಪಾಗುತ್ತದೆ. ಬಿಬಿಸಿ 1958ರಲ್ಲಿ ರೇಡಿಯೋಫೋನಿಕ್ ವರ್ಕ್‌ಶಾಪ್ ಅಂತ ಒಂದು ವಿಭಾಗ ತೆರೆಯಿತು, ವಿಚಿತ್ರ ಶಬ್ದ ಮಾಡುವುದೇ ಅವರ ಕೆಲಸ. ಆ ನೀಲಿ ಡಬ್ಬ ಮಾಯವಾಗುವಾಗ ಬರುವ ಉಸಿರು ಕಟ್ಟಿದಂಥ ಸದ್ದು ಇದೆಯಲ್ಲ, ಅದನ್ನು ಬ್ರಯಾನ್ ಹಾಡ್ಜ್‌ಸನ್ ಮಾಡಿದ್ದು ತಮ್ಮ ಅಮ್ಮನ ಮನೆಯ ಮುಂಬಾಗಿಲ ಕೀಲಿಯಿಂದ. ಹಳೆಯ ಪಿಯಾನೋದ ತಂತಿಗಳ ಮೇಲೆ ಅದನ್ನು ಉಜ್ಜಿ, ರೆಕಾರ್ಡ್ ಮಾಡಿ, ಟೇಪನ್ನು ಹಿಂದೆ ಮುಂದೆ ಓಡಿಸಿದರು. ಶೀರ್ಷಿಕೆ ಸಂಗೀತ ಬರೆದವರು ರಾನ್ ಗ್ರೇನರ್. ಅದನ್ನು ಸಿಂಥಸೈಸರ್ ಇಲ್ಲದ ಕಾಲದಲ್ಲಿ ಒಂದೊಂದೇ ಸ್ವರ ಮಾಡಿ, ಟೇಪು ಕತ್ತರಿಸಿ, ಅಂಟಿಸಿ ಕೇಳುವ ಹಾಗೆ ಮಾಡಿದವರು ಡೀಲಿಯಾ ಡರ್ಬಿಶರ್. ಕೇಳಿದ ಗ್ರೇನರ್‌ಗೆ ಇದು ತಾನೇ ಬರೆದದ್ದಾ ಅಂತ ಅನುಮಾನ ಬಂತಂತೆ. ಅವರು ಹೆಸರು ಹಂಚಿಕೊಳ್ಳಲು ತಯಾರಿದ್ದರು, ಬಿಬಿಸಿ ನಿಯಮ ಬಿಡಲಿಲ್ಲ. ಆಕೆಯ ಹೆಸರು ಆ ಕಾರ್ಯಕ್ರಮದ ಪರದೆ ಮೇಲೆ ಬಂದಿದ್ದು 2013ರಲ್ಲಿ, ಆಕೆ ತೀರಿಕೊಂಡು 12 ವರ್ಷ ಆದ ಮೇಲೆ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೊಂದು. ಈ ಹೆಸರುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಪರವೂರಿನಲ್ಲಿ ಬದುಕುವವಳಿಗೆ ಬೇಗ ಕಣ್ಣಿಗೆ ಬೀಳುವ ಸಂಗತಿ ಇದು. ನೀಲ್ ಐಲ್ ಆಫ್ ಮ್ಯಾನ್ ಎಂಬ ದ್ವೀಪದ ಮನೆತನದವರು. ಕಾರ್ಟಿಯರ್ ವಿಯೆನ್ನಾದ ಯಹೂದಿ. ಜೂಡಿತ್ ಕೆರ್ ಹಿಟ್ಲರ್ ಕಾಟಕ್ಕೆ ಮಗುವಾಗಿದ್ದಾಗಲೇ ಬರ್ಲಿನ್ ಬಿಟ್ಟವರು. ಡಾಕ್ಟರ್ ಹೂ ಹೊರಡಿಸಿದ ಸಿಡ್ನಿ ನ್ಯೂಮನ್ ಕೆನಡಾದವರು. ಅದರ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಗಂಡಸರೇ ತುಂಬಿದ್ದ ವಿಭಾಗದಲ್ಲಿ ಇಪ್ಪತ್ತೇಳರ ಹೆಣ್ಣುಮಗಳು. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ಕಾದಂಬರಿಕಾರ್ತಿ ಅತಿಯಾ ಹುಸೇನ್ ಅವರ ಮಗ. ಆಗ ಅವರಿಗೆ 24. ಇವರು ಮಾಡಿದ ಕಥೆಗಳೆಲ್ಲ ಏನು? ನಮ್ಮ ಬೀದಿಗೆ, ನಮ್ಮ ಇಗರ್ಜಿಗೆ, ಹೊರಗಿನದೊಂದು ಬಂದು ಸೇರಿಕೊಂಡಿದೆ. 1958ರ ಬೇಸಿಗೆಯಲ್ಲಿ ನಾಟಿಂಗ್ ಹಿಲ್‌ನಲ್ಲಿ ಕರಿಯರ ಮೇಲೆ ದಾಳಿ ನಡೆಯಿತು. ಅದೇ ಡಿಸೆಂಬರಿನಲ್ಲಿ ಶುರುವಾದ ಮೂರನೇ ಕ್ವಾಟರ್‌ಮಾಸ್‌ನಲ್ಲಿ ಲಂಡನ್ನಿನ ನೆಲ ಅಗೆದಾಗ ಮಂಗಳ ಗ್ರಹದವರ ಹಳೆಯ ನೌಕೆ ಸಿಗುತ್ತದೆ. ತಮ್ಮಂತೆ ಇಲ್ಲದವರನ್ನು ಹುಡುಕಿ ಕೊಲ್ಲುವ ಚಟ ಮನುಷ್ಯರೊಳಗೆ ಅವರಿಂದಲೇ ಬಂದದ್ದು ಅಂತ ಕಥೆ ಹೇಳುತ್ತದೆ. ಇದನ್ನು ಹೊರಗಿನವರು ಬೇಕೆಂದೇ ಹೀಗೆ ಮಾಡಿದರು ಅಂತ ನಾನು ವಾದಿಸಲಾರೆ. ಆದರೆ ಬಸ್ಸಿನಲ್ಲಿ ಫೋನಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಪಕ್ಕದ ಸೀಟಿನವರು ತಿರುಗಿ ನೋಡಿದ ದಿನ, ಆ ಮೂರನೇ ಕ್ವಾಟರ್‌ಮಾಸ್ ನನಗೆ ಬೇರೆ ಥರ ಅರ್ಥ ಆಯಿತು.

ಮತ್ತೆ ನೇರ ಪ್ರಸಾರ

2005ರ ಏಪ್ರಿಲ್ 2ರಂದು ಬಿಬಿಸಿ ಫೋರ್ ಚಾನೆಲ್ ಆ ಮೊದಲ ಕ್ವಾಟರ್‌ಮಾಸನ್ನು ಮತ್ತೆ ನೇರ ಪ್ರಸಾರದಲ್ಲೇ ಮಾಡಿತು. ಅದರಲ್ಲಿ ವೈದ್ಯನ ಪಾತ್ರ ಡೇವಿಡ್ ಟೆನ್ನಂಟ್‌ದು. ಡಾಕ್ಟರ್ ಹೂನಲ್ಲಿ ಮುಂದೆ ಡಾಕ್ಟರ್ ಆಗುವ ನಟ ಅವರೇ ಅನ್ನುವುದು ತಂಡದೊಳಗೆ ಗೊತ್ತು, ಹೊರಗೆ ಇನ್ನೂ ಹೇಳಿರಲಿಲ್ಲ. ಕ್ವಾಟರ್‌ಮಾಸ್ ಆಗಿದ್ದ ಜೇಸನ್ ಫ್ಲೆಮಿಂಗ್ ಪ್ರಸಾರದ ನಡುವೆ, ಪಾತ್ರದ ಹೆಸರು ಹಿಡಿದು ಕರೆಯುವ ಬದಲು ಬೇಕೆಂದೇ ಡಾಕ್ಟರ್ ಅಂತ ಕರೆದುಬಿಟ್ಟರು. ಅದೇ ರಾತ್ರಿ ಪೋಪ್ ತೀರಿಕೊಂಡರು. ನಾಟಕ ನಡೆಯುತ್ತಿರುವಾಗಲೇ ಆ ಸುದ್ದಿಯ ಪಟ್ಟಿ ಪರದೆ ಮೇಲೆ ಬಂತು. ಅದನ್ನು ತೋರಿಸಿದಾಗ ಮಗಳು, "ಈ ಸಲದ ಹುಳ ಇದು" ಅಂದಳು.

ಕಳೆದುಹೋದ ನಾಲ್ಕು ಕಂತಿನ ಕಥೆ ಏನಾಯಿತು ಅಂತ ಅವಳು ಬಿಡಲಿಲ್ಲ. ನಾಟಕದ ಪಠ್ಯವನ್ನು ಪೆಂಗ್ವಿನ್ 1959ರಲ್ಲೇ ಪುಸ್ತಕ ಮಾಡಿತ್ತು. ಹಳೆಯ ಪ್ರತಿ ಸಿಕ್ಕಿತು. ನಾಲ್ಕು ರಾತ್ರಿ, ರಾತ್ರಿಗೊಂದು ಕಂತಿನಂತೆ ಓದಿ ಹೇಳಿದೆ. ಕೊನೆಯ ರಾತ್ರಿ ಅಬೆಯ ದೃಶ್ಯ. ಕ್ವಾಟರ್‌ಮಾಸ್ ಆ ಜೀವಿಯ ಮುಂದೆ ನಿಂತು, ಅದರೊಳಗೆ ಇನ್ನೂ ಉಳಿದಿರುವ ಮೂವರು ಮನುಷ್ಯರನ್ನು ಹೆಸರು ಹಿಡಿದು ಕರೆಯುತ್ತಾನೆ. ಬಂದೂಕಿಲ್ಲ, ಬಾಂಬಿಲ್ಲ, ಮಾತಷ್ಟೇ. ಆ ಮೂವರು ಒಳಗಿನಿಂದಲೇ ಅದನ್ನು ಕೊಲ್ಲುತ್ತಾರೆ. ಅವಳು ಏನೂ ಹೇಳದೆ ಮಲಗಲು ಹೋದಳು. ನನಗೆ ಸ್ವಲ್ಪ ಬೇಜಾರಾಯಿತು, ಹಿಡಿಸಲಿಲ್ಲವೇನೋ ಅಂತ.

ಮರುದಿನ ಕೆಲಸದಿಂದ ಬರುವಾಗ ಕತ್ತಲಾಗಿತ್ತು. ಅಡುಗೆಮನೆ ದೀಪ ಆರಿತ್ತು. ಸ್ವಿಚ್ ಹುಡುಕುತ್ತಾ ಗೋಡೆ ಸವರಿದೆ. ಫ್ರಿಡ್ಜ್ ಪಕ್ಕ ನಿಲ್ಲಿಸಿದ್ದ ರಟ್ಟಿನ ಪೆಟ್ಟಿಗೆಯ ತೂತಿನಿಂದ ನನ್ನ ಪಾತ್ರೆ ತೊಳೆಯುವ ಹಳದಿ ಗ್ಲೌಸ್ ನಿಧಾನವಾಗಿ ಹೊರಗೆ ಬಂತು. ಬೆರಳ ತುಂಬ ಏನೋ ಒದ್ದೆ ಒದ್ದೆ ಅಂಟಿಕೊಂಡಿತ್ತು, ನನ್ನ ಮಣಿಕಟ್ಟು ಹಿಡಿಯಿತು. ಕೂಗಿದ ಕೂಗಿಗೆ ಮೇಲಿನ ಮನೆಯವರು ನೆಲ ಕುಟ್ಟಿದರು. ದೀಪ ಹಾಕಿ ನೋಡಿದರೆ ಅದು ಮೆಂತ್ಯ ಸೊಪ್ಪು, ಆ ರಾತ್ರಿಯ ಪಲ್ಯಕ್ಕೆ ತಂದಿಟ್ಟಿದ್ದು.